'ಮ್ಯಾನ್ ಬೂಕರ್'ನಲ್ಲಿದ್ದ ಆ 'ಮ್ಯಾನ್' ಯಾರು?

ಮಾನ್ಯ ಸಂಪಾದಕರೇ,

ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅವರಿಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಸಂದ ಬಹುಮಾನದ ಸರಿಯಾದ ಹೆಸರು ಅಂತರರಾಷ್ಟ್ರೀಯ ಬೂಕರ್. ಆದರೂ ಸನ್ಮಾನದ ಬ್ಯಾನರುಗಳಲ್ಲಿ, ಸ್ವಾಗತ ಭಾಷಣಗಳಲ್ಲಿ, ಒಮ್ಮೊಮ್ಮೆ ಅಚ್ಚಿನಲ್ಲೂ ಅದು 'ಮ್ಯಾನ್ ಬೂಕರ್' ಆಗಿಬಿಡುತ್ತದೆ. ಹೀಗಾಗುವುದಕ್ಕೆ ಕಾರಣವೂ ಇದೆ. 2013ರಲ್ಲಿ ಯು.ಆರ್. ಅನಂತಮೂರ್ತಿಯವರು ಅಂತಿಮ ಪಟ್ಟಿಯ ಹತ್ತು ಮಂದಿಯಲ್ಲಿ ಒಬ್ಬರಾಗಿದ್ದಾಗ ಆ ಪ್ರಶಸ್ತಿಯ ಹೆಸರು ಮ್ಯಾನ್ ಬೂಕರ್ ಇಂಟರ್‌ನ್ಯಾಷನಲ್ ಎಂದೇ ಇತ್ತು. ನಮ್ಮ ಕಿವಿಯಲ್ಲಿ ಅದೇ ಉಳಿದಿದೆ. 2019ರಲ್ಲಿ ಪ್ರಾಯೋಜಕರು ಹಿಂದೆ ಸರಿದರು, 'ಮ್ಯಾನ್' ಉದುರಿತು. ಇಷ್ಟೇ ತಿದ್ದುಪಡಿಯಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆವು. ಆ 'ಮ್ಯಾನ್' ಯಾರೆಂಬುದು ಕನ್ನಡದಲ್ಲಿ ಎಲ್ಲೂ ಸರಿಯಾಗಿ ಬಂದಂತಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರಿಗಂತೂ ಅದು ತಿಳಿದಿರಬೇಕಾದ ಸಂಗತಿ. ಆದ್ದರಿಂದ ಈ ದೀರ್ಘ ಪತ್ರ.

ಮ್ಯಾನ್ ಎನ್ನುವುದು ಮ್ಯಾನ್ ಗ್ರೂಪ್ ಎಂಬ ಲಂಡನ್ನಿನ ಸಂಸ್ಥೆ. ಹೆಡ್ಜ್ ಫಂಡ್ ಎಂದರೆ ಪರರ ಹಣ ಪಡೆದು ಬೆಲೆಯ ಏರಿಕೆ, ಇಳಿಕೆ ಎರಡರ ಮೇಲೂ ಪಣ ಕಟ್ಟುವ ನಿಧಿ; ಷೇರುಪೇಟೆಯಲ್ಲಿ ನೋಂದಾಯಿತವಾದ ಅಂಥ ಸಂಸ್ಥೆಗಳಲ್ಲಿ ಅದೇ ಅತಿ ದೊಡ್ಡದು. 2024ರ ಕೊನೆಗೆ ಅದು ನಿರ್ವಹಿಸುತ್ತಿದ್ದ ಪರರ ಹಣ ಸುಮಾರು 16,800 ಕೋಟಿ ಡಾಲರ್. ಇಷ್ಟು ದೊಡ್ಡ ಸಂಸ್ಥೆ ಶುರುವಾದದ್ದು ಪೀಪಾಯಿ ಅಂಗಡಿಯಾಗಿ.

1783ರಲ್ಲಿ ಜೇಮ್ಸ್ ಮ್ಯಾನ್ ಎಂಬಾತ ಲಂಡನ್ನಿನ ಹಾರ್ಪ್ ಲೇನ್‌ನಲ್ಲಿ ಸಕ್ಕರೆ ಪೀಪಾಯಿಗಳ ಕಸುಬು ಆರಂಭಿಸಿದ. ಥೇಮ್ಸ್ ದಂಡೆಗೆ ಹತ್ತಿರದ ಬೀದಿ ಅದು. ಆಗ ಸಕ್ಕರೆ ಬರುತ್ತಿದ್ದುದು ದೊಡ್ಡ ಮರದ ಪೀಪಾಯಿಗಳಲ್ಲಿ. ಹಡಗಿನಿಂದ ಇಳಿಸುವಾಗ ಒಡೆದದ್ದನ್ನು ಬಿಗಿಯುವುದು, ಮುಚ್ಚಳ ತೆಗೆದು ಮಾದರಿ ತೋರಿಸುವುದು, ಮತ್ತೆ ಮುಚ್ಚುವುದು ಪೀಪಾಯಿಗಾರನ ಕೆಲಸ. ಯಾರ ಸರಕು ಒಣಗಿದೆ, ಯಾರದು ಜಿನುಗಿ ತೂಕ ಕಳೆದುಕೊಂಡಿದೆ ಎಂಬುದು ವ್ಯಾಪಾರಿಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿಂದ ದಲ್ಲಾಳಿಯಾಗುವುದು ಒಂದು ಹೆಜ್ಜೆಯ ದೂರ. ಜೇಮ್ಸ್ ಮ್ಯಾನ್ ಪೀಪಾಯಿಯ ಜೊತೆಯಲ್ಲೇ ದಲ್ಲಾಳಿಯನ್ನೂ ನಡೆಸಿದ. ಮರುವರ್ಷ ಬ್ರಿಟಿಷ್ ನೌಕಾಪಡೆಗೆ ರಮ್ ಪೂರೈಸುವ ಗುತ್ತಿಗೆ ಸಿಕ್ಕಿತು. ರಮ್ ಎಂದರೆ ಕಬ್ಬಿನ ಕಾಕಂಬಿಯಿಂದ ಇಳಿಸುವ ಮದ್ಯ. ಮಂಡ್ಯದವರಿಗೆ ಕಾಕಂಬಿಯ ಬಗ್ಗೆ ಹೇಳಬೇಕಾದ್ದಿಲ್ಲ. ನಾವಿಕರಿಗೆ ದಿನವೂ ಅಳೆದು ಕೊಡುತ್ತಿದ್ದ ರಮ್ಮಿನ ಪಡಿ 1970ರ ಜುಲೈ 31ರಂದು ನಿಂತಿತು. ಅಲ್ಲಿಯವರೆಗೂ ಗುತ್ತಿಗೆ ಈ ಸಂಸ್ಥೆಯ ಕೈಯಲ್ಲೇ ಇತ್ತು.

ಇಲ್ಲಿ ಒಂದು ಮಾತು ಬಿಡಬಾರದು. 1783ರಲ್ಲಿ ಲಂಡನ್ನಿಗೆ ಬರುತ್ತಿದ್ದ ಸಕ್ಕರೆಯೂ ರಮ್ಮೂ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಬಂದವು. ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಮಾಡಿದ್ದು 1833ರಲ್ಲಿ. ಬಹುಮಾನದ ಹೆಸರಿನ ಇನ್ನರ್ಧವಾದ ಬೂಕರ್ ಕೂಡ ಗಯಾನಾದ ಸಕ್ಕರೆ ತೋಟಗಳಿಂದ ಬೆಳೆದ ಕಂಪನಿ. 1972ರಲ್ಲಿ ಬೂಕರ್ ಗೆದ್ದ ಲೇಖಕರೊಬ್ಬರು ಇದನ್ನು ವೇದಿಕೆಯಲ್ಲೇ ಎತ್ತಿ ಆಡಿ, ಬಹುಮಾನದ ಅರ್ಧ ಹಣವನ್ನು ಕಪ್ಪುಜನರ ಚಳವಳಿಗೆ ಕೊಟ್ಟರು. ಸಕ್ಕರೆಯ ಎರಡು ಮನೆತನಗಳು ಒಂದು ಸಾಹಿತ್ಯ ಪ್ರಶಸ್ತಿಯ ಹೆಸರಿನಲ್ಲಿ 17 ವರ್ಷ ಅಕ್ಕಪಕ್ಕ ಕೂತಿದ್ದವು.

ಜೇಮ್ಸ್ ಮ್ಯಾನ್‌ನ ಮೊಮ್ಮಕ್ಕಳಾದ ಎಡ್ವರ್ಡ್ ಡೆಸ್ಬರೋ ಮತ್ತು ಫ್ರೆಡರಿಕ್ ಅವರಿಂದ ಸಂಸ್ಥೆಗೆ ಇ.ಡಿ. ಅಂಡ್ ಎಫ್. ಮ್ಯಾನ್ ಎಂಬ ಹೆಸರು ಬಂತು. ಸಕ್ಕರೆಯ ಜೊತೆ ಕೋಕೋ, ಕಾಫಿ ಸೇರಿದವು. ನೂರಾರು ವರ್ಷ ಇವರು ಮಾಡಿದ್ದು ಸರಕಿನ ವ್ಯಾಪಾರವನ್ನೇ. ಬಹಳ ಕಾಲ ಇವರ ಕಚೇರಿಯಿದ್ದ ಕಟ್ಟಡದ ಹೆಸರೂ ಶುಗರ್ ಕೀ, ಅಂದರೆ ಸಕ್ಕರೆ ದಕ್ಕೆ. ಈ ಸಂಸ್ಥೆಯ ಬೆಳವಣಿಗೆಯನ್ನು ಒಂದೇ ಎಳೆ ಹಿಡಿದು ನೋಡಬಹುದು ಎಂದು ನಮಗನ್ನಿಸುತ್ತದೆ. ಪ್ರತಿ ಘಟ್ಟದಲ್ಲೂ ಅದು ಸರಕಿನಿಂದ ಒಂದು ಹೆಜ್ಜೆ ದೂರ ಸರಿದು, ಬೆಲೆಗೆ ಒಂದು ಹೆಜ್ಜೆ ಹತ್ತಿರವಾಯಿತು. ಮೊದಲು ಪೀಪಾಯಿ, ಆಮೇಲೆ ಪೀಪಾಯಿಯೊಳಗಿನ ಸಕ್ಕರೆಯ ದಲ್ಲಾಳಿ, ಆಮೇಲೆ ಇನ್ನೂ ಬಾರದ ಸಕ್ಕರೆಯ ವಾಯಿದಾ ವ್ಯಾಪಾರ, ಕೊನೆಗೆ ಆ ವಾಯಿದಾ ಬೆಲೆಯ ಏರಿಳಿತವೇ ಕಸುಬಾಯಿತು.

ವಾಯಿದಾ ಅಂದರೆ ಫ್ಯೂಚರ್ಸ್. ಇಷ್ಟು ಸರಕನ್ನು ಇಂಥ ತಿಂಗಳಲ್ಲಿ ಇಂಥ ಬೆಲೆಗೆ ಕೊಡುತ್ತೇನೆ ಅಥವಾ ಕೊಳ್ಳುತ್ತೇನೆ ಎಂಬ ಕರಾರು. ಬೆಲೆ ಬೀಳುವ ಭಯವಿರುವ ಬೆಳೆಗಾರ ಅಥವಾ ರಫ್ತುದಾರ ಇಂದೇ ವಾಯಿದಾದಲ್ಲಿ ಮಾರಿಬಿಟ್ಟರೆ ಅವನಿಗೆ ಬೇಲಿ ಹಾಕಿದಂತೆ. ಇಂಗ್ಲಿಷಿನ 'ಹೆಡ್ಜ್' ಎಂಬುದಕ್ಕೆ ಅರ್ಥವೂ ಬೇಲಿಯೇ. ಆದರೆ ಬೇಲಿ ಹಾಕುವವನ ಭಯವನ್ನು ಎದುರುಗಡೆ ಯಾರಾದರೂ ಹೊರಬೇಕಲ್ಲ? ಹೆಡ್ಜ್ ಫಂಡುಗಳು ಅನೇಕ ಸಲ ಹೊರುವ ಕಡೆಯಲ್ಲಿರುತ್ತವೆ. ಹೆಸರು ಬಂದದ್ದು 1949ರಲ್ಲಿ ಅಮೆರಿಕದಲ್ಲಿ ಆಲ್‌ಫ್ರೆಡ್ ವಿನ್‌ಸ್ಲೋ ಜೋನ್ಸ್ ಶುರುಮಾಡಿದ ನಿಧಿಯಿಂದ. ಆತ ಒಂದಷ್ಟು ಷೇರು ಕೊಂಡು, ಇನ್ನೊಂದಷ್ಟನ್ನು ಎರವಲು ತಂದು ಮಾರಿ (ಬೆಲೆ ಬಿದ್ದರೆ ಅಗ್ಗಕ್ಕೆ ಕೊಂಡು ಮರಳಿಸಿದರಾಯಿತು), ಇಡೀ ಪೇಟೆ ಕುಸಿದರೂ ತಾನು ಪೂರ್ತಿ ಮುಳುಗದಂತೆ ನಿಜವಾಗಿ ಬೇಲಿ ಹಾಕಿಕೊಂಡಿದ್ದ. ಇಂದಿನ ಬಹುಪಾಲು ನಿಧಿಗಳಿಗೆ ಆ ಹೆಸರು ಮಾತ್ರ ಉಳಿದಿದೆ. ಹೆಸರು ಕೇಳಿ ಇದು ಸುರಕ್ಷಿತ ಎಂದುಕೊಂಡರೆ ಮೋಸಹೋದಂತೆ.

ಮ್ಯಾನ್ ಈ ಹೊಸ ಕಸುಬಿಗೆ ಕಾಲಿಟ್ಟಿದ್ದು 1983ರಲ್ಲಿ, ಅಮೆರಿಕದ ಲ್ಯಾರಿ ಹೈಟ್ ಅವರ ಮಿಂಟ್ ಎಂಬ ಸಂಸ್ಥೆಯಲ್ಲಿ ಪಾಲು ಪಡೆದು. ಮಿಂಟ್‌ನವರು ಕಂಪ್ಯೂಟರಿನಲ್ಲಿ ಬರೆದ ನಿಯಮಗಳ ಪ್ರಕಾರ ವಾಯಿದಾ ವ್ಯಾಪಾರ ಮಾಡುತ್ತಿದ್ದರು. ನಾಲ್ಕು ವರ್ಷದ ನಂತರ ಲಂಡನ್ನಿನಲ್ಲಿ ಮೈಕ್ ಆಡಮ್, ಡೇವಿಡ್ ಹಾರ್ಡಿಂಗ್, ಮಾರ್ಟಿನ್ ಲ್ಯೂಕ್ ಎಂಬ ಮೂವರು ತರುಣರು ತಮ್ಮ ಹೆಸರಿನ ಮೊದಲಕ್ಷರ ಸೇರಿಸಿ ಇದೇ ಬಗೆಯ ವ್ಯಾಪಾರಕ್ಕೆ ಎ.ಎಚ್.ಎಲ್. ಎಂಬ ಸಂಸ್ಥೆ ತೆರೆದರು. ಮೂವರೂ ಭೌತಶಾಸ್ತ್ರ ಓದಿ ಬಂದವರು. ಮ್ಯಾನ್ 1989ರಲ್ಲಿ ಇದರಲ್ಲಿ ಪಾಲು ಕೊಂಡು, 1994ರ ಹೊತ್ತಿಗೆ ಪೂರ್ತಿ ತನ್ನದಾಗಿಸಿಕೊಂಡಿತು. ಅದೇ ವರ್ಷ ಲಂಡನ್ ಷೇರುಪೇಟೆಗೂ ಬಂತು. ಹಾರ್ಡಿಂಗ್ ಹೊರಹೋಗಿ ವಿಂಟನ್ ಕಟ್ಟಿದರು, ಲ್ಯೂಕ್ ಆಸ್ಪೆಕ್ಟ್ ಕಟ್ಟಿದರು. ಲಂಡನ್ನಿನ ಈ ಕಸುಬಿನ ದೊಡ್ಡ ಮನೆಗಳಲ್ಲಿ ಹಲವಕ್ಕೆ ಎ.ಎಚ್.ಎಲ್. ತವರು. 2000ದಲ್ಲಿ ಮ್ಯಾನ್ ಸಕ್ಕರೆ, ಕಾಫಿ, ಕೋಕೋ ವ್ಯಾಪಾರವನ್ನೆಲ್ಲ ಅದರ ವ್ಯವಸ್ಥಾಪಕರಿಗೇ ಮಾರಿ ಕೈತೊಳೆದುಕೊಂಡಿತು. 217 ವರ್ಷ ಹೊಟ್ಟೆ ಹೊರೆದ ಸರಕನ್ನು ಬಿಟ್ಟು, ಪರರ ಹಣ ನೋಡಿಕೊಳ್ಳುವುದನ್ನೂ ವಾಯಿದಾ ದಲ್ಲಾಳಿಯನ್ನೂ ಮಾತ್ರ ಇಟ್ಟುಕೊಂಡಿತು. ಸ್ಟ್ಯಾನ್ಲಿ ಫಿಂಕ್ ಮುಖ್ಯಸ್ಥರಾಗಿದ್ದ 2000ದಿಂದ 2007ರವರೆಗಿನ ಅವಧಿಯೇ ಅದರ ಅತಿ ವೇಗದ ಬೆಳವಣಿಗೆಯ ಕಾಲ. ಬೂಕರ್ ಪ್ರಾಯೋಜಕತ್ವ ಶುರುವಾದದ್ದೂ ಆಗಲೇ, 2002ರಲ್ಲಿ.

ಈಗ ಎ.ಎಚ್.ಎಲ್. ಮಾದರಿಯ ಯಂತ್ರ, ಅಂದರೆ ಕೊಳ್ಳುವ-ಮಾರುವ ನಿಯಮಗಳ ಕಂಪ್ಯೂಟರ್ ವ್ಯವಸ್ಥೆ, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಪ್ರತಿ ಸಂಸ್ಥೆಯೂ ತನ್ನ ಸೂತ್ರವನ್ನು ಗುಟ್ಟಾಗಿಡುತ್ತದೆ, ಆದರೆ ಕಸುಬಿನ ಚೌಕಟ್ಟು ಎಲ್ಲರದೂ ಹೆಚ್ಚುಕಡಿಮೆ ಒಂದೇ. ಇದಕ್ಕೆ ಟ್ರೆಂಡ್ ಫಾಲೋಯಿಂಗ್ ಎನ್ನುತ್ತಾರೆ, ಅಂದರೆ ಬೆಲೆ ಹೋಗುವ ದಿಕ್ಕಿನ ಬೆನ್ನು ಹತ್ತುವುದು. ಕಾಫಿ ಹೂ ಬಿಟ್ಟಿತೇ, ವಿಯೆಟ್ನಾಮಿನಲ್ಲಿ ಬರವಿದೆಯೇ, ಬ್ರೆಜಿಲ್‌ನಲ್ಲಿ ಮಂಜು ಬಿತ್ತೇ ಎಂದು ಯಂತ್ರ ಕೇಳುವುದಿಲ್ಲ. ಬೆಲೆಯನ್ನು ಮಾತ್ರ ನೋಡುತ್ತದೆ. ಕಳೆದ 20 ದಿನಗಳ ಸರಾಸರಿ ಬೆಲೆ ಕಳೆದ 100 ದಿನಗಳ ಸರಾಸರಿಗಿಂತ ಮೇಲಿದ್ದರೆ ಕೊಳ್ಳು, ಕೆಳಗಿದ್ದರೆ ಮಾರು ಎಂಬಂಥ ಸರಳ ನಿಯಮವೇ ತಳಪಾಯ. ಇಂಥ ಹಲವು ನಿಯಮಗಳನ್ನು, ಕೆಲವು ಚುರುಕಾದವು ಕೆಲವು ನಿಧಾನದವು, ಒಟ್ಟಿಗೆ ಓಡಿಸಿ ಅವುಗಳ ಸರಾಸರಿ ತೆಗೆಯುತ್ತಾರೆ. ಕಾಫಿಯೊಂದರಲ್ಲೇ ಅಲ್ಲ, ಸರ್ಕಾರಿ ಸಾಲಪತ್ರ, ಡಾಲರ್, ಯೆನ್, ತೈಲ, ಚಿನ್ನ, ಗೋಧಿ, ಷೇರು ಸೂಚ್ಯಂಕ ಹೀಗೆ ನೂರಾರು ಪೇಟೆಗಳಲ್ಲಿ ಒಂದೇ ಸಮಯಕ್ಕೆ.

ಕೊಳ್ಳಬೇಕೋ ಮಾರಬೇಕೋ ಎಂಬುದಕ್ಕಿಂತ ಎಷ್ಟು ಎಂಬುದೇ ಇಲ್ಲಿ ದೊಡ್ಡ ವಿದ್ಯೆ. ಒಂದು ಲೆಕ್ಕ ಮಾಡಿ ನೋಡೋಣ. ನಿಧಿಯಲ್ಲಿ 1 ಕೋಟಿ ಡಾಲರ್ ಇದೆ. ರೋಬಸ್ಟಾ ಕಾಫಿಯ ಸಾಮಾನ್ಯ ದಿನದ ಏರಿಳಿತದಿಂದ ನಿಧಿಯ ಶೇ 0.1ರಷ್ಟು, ಅಂದರೆ 10,000 ಡಾಲರ್, ಅತ್ತಿತ್ತ ಆದರೆ ಸಾಕು ಎಂದು ಮಿತಿ ಹಾಕಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಲಂಡನ್ ರೋಬಸ್ಟಾದ ಒಂದು ಲಾಟ್ ಎಂದರೆ 10 ಟನ್. ಬೆಲೆ ಟನ್ನಿಗೆ 4,000 ಡಾಲರ್ ಇದ್ದರೆ ಲಾಟಿನ ಬೆಲೆ 40,000. ದಿನಕ್ಕೆ ಸಾಮಾನ್ಯವಾಗಿ ಶೇ 2 ಅಲುಗಾಡುವ ಪೇಟೆಯಾದರೆ ಲಾಟಿಗೆ 800 ಡಾಲರ್ ಏರಿಳಿತ. 10,000ವನ್ನು 800ರಿಂದ ಭಾಗಿಸಿದರೆ 12.5; ಅರ್ಧ ಲಾಟ್ ಬಿಟ್ಟರೆ 12 ಲಾಟ್, ಅಂದರೆ 120 ಟನ್. ಈಗ ಬೆಲೆ 5,000ಕ್ಕೆ ಏರಿತು, ಜೊತೆಗೆ ಪೇಟೆ ಹುಚ್ಚೆದ್ದು ದಿನಕ್ಕೆ ಶೇ 4 ಅಲುಗಾಡತೊಡಗಿತು ಎನ್ನಿ. ಲಾಟಿನ ಏರಿಳಿತ 2,000 ಡಾಲರ್ ಆಯಿತು. ಹಿಡಿಯಬೇಕಾದದ್ದು 5 ಲಾಟ್ ಮಾತ್ರ. ದಿಕ್ಕು ಮೇಲ್ಮುಖವಾಗಿಯೇ ಇದ್ದರೂ ಯಂತ್ರ 7 ಲಾಟ್ ಮಾರುತ್ತದೆ. 'ಇಷ್ಟು ಏರುತ್ತಿರುವಾಗ ಫಂಡಿನವರು ಯಾಕೆ ಮಾರಿದರು, ಏನೋ ಸುದ್ದಿ ಇರಬೇಕು' ಎಂದು ಮಾತಾಡಿಕೊಳ್ಳುವವರಿಗೆ ಉತ್ತರ ಇಲ್ಲಿದೆ. ಸುದ್ದಿ ಏನೂ ಇರಬೇಕಾಗಿಲ್ಲ, ಭಾಗಾಕಾರ ಸಾಕು.

ಇಷ್ಟಕ್ಕೆಲ್ಲ ಪೂರ್ತಿ ಹಣ ಕಟ್ಟಬೇಕಿಲ್ಲ. ವಾಯಿದಾ ಪೇಟೆಯಲ್ಲಿ ಮಾರ್ಜಿನ್ ಎಂದು ಕರಾರಿನ ಮೌಲ್ಯದ ಒಂದು ಭಾಗ ಮಾತ್ರ ಇಡುತ್ತಾರೆ. ನಿಧಿಯ ಉಳಿದ ಹಣ ಬಹುಪಾಲು ಅಲ್ಪಾವಧಿಯ ಸರ್ಕಾರಿ ಪತ್ರಗಳಲ್ಲಿ ಬಡ್ಡಿ ತರುತ್ತಿರುತ್ತದೆ. ಸಾಲ ಮಾಡದೆಯೇ ಸಾಲ ಮಾಡಿದಷ್ಟು ದೊಡ್ಡ ವ್ಯವಹಾರ ಹೀಗೆ ಸಾಧ್ಯವಾಗುತ್ತದೆ. ಸರಕು ಇವರಿಗೆ ಬೇಕಾಗಿಯೂ ಇಲ್ಲ. ರೋಬಸ್ಟಾಕ್ಕೆ ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ವಾಯಿದಾಗಳಿವೆ. ಸರಕು ವಿತರಣೆಯ ನೋಟಿಸ್ ಬರುವ ಮೊದಲೇ ಹತ್ತಿರದ ತಿಂಗಳನ್ನು ಮಾರಿ ಮುಂದಿನ ತಿಂಗಳನ್ನು ಕೊಳ್ಳುತ್ತಾರೆ. ಇದಕ್ಕೆ ರೋಲ್ ಎನ್ನುತ್ತಾರೆ. ಎರಡು ತಿಂಗಳ ಬೆಲೆಯಲ್ಲಿ ಮುಂದಿನದು ಅಗ್ಗವಾಗಿದ್ದರೆ ಕೊಂಡವನಿಗೆ ಲಾಭ, ದುಬಾರಿಯಾಗಿದ್ದರೆ ಪ್ರತಿ ಸಲವೂ ಒಂದಷ್ಟು ಸೋರಿಹೋಗುತ್ತದೆ.

ಈ ವಿಧಾನದ ಒಳಗುಟ್ಟು ಎಂದರೆ ಅರ್ಧಕ್ಕಿಂತ ಹೆಚ್ಚು ವಹಿವಾಟುಗಳು ನಷ್ಟದಲ್ಲೇ ಮುಗಿಯುತ್ತವೆ. ಸಣ್ಣ ಸಣ್ಣ ನಷ್ಟ ಹಲವು, ದೊಡ್ಡ ಲಾಭ ಕೆಲವು. 2008ರಲ್ಲಿ ಷೇರು, ತೈಲ, ಬಡ್ಡಿದರ ಎಲ್ಲ ತಿಂಗಳುಗಟ್ಟಲೆ ಒಂದೇ ದಿಕ್ಕಿನಲ್ಲಿ ಬಿದ್ದಾಗ ಬೇರೆಯವರೆಲ್ಲ ಕೈಸುಟ್ಟುಕೊಂಡರೆ ಎ.ಎಚ್.ಎಲ್. ದೊಡ್ಡ ಲಾಭ ಮಾಡಿತು. ಮರುವರ್ಷ ದಿಕ್ಕು ತಿರುಗಿದಾಗ ಅದಕ್ಕೆ ನಷ್ಟ. ಅದರ ನಂತರದ ಕೆಲವು ವರ್ಷ ಬೆಲೆಗಳು ಸ್ವಲ್ಪ ಏರಿ ತಿರುಗುವುದು, ಸ್ವಲ್ಪ ಇಳಿದು ತಿರುಗುವುದು ಮಾಡುತ್ತಿದ್ದವು. ಇದು ಈ ಯಂತ್ರಕ್ಕೆ ಅತಿ ಕೆಟ್ಟ ಹವೆ: ಏರಿದ ಮೇಲೆ ಕೊಳ್ಳುತ್ತದೆ, ಬಿದ್ದ ಮೇಲೆ ಮಾರುತ್ತದೆ, ಎರಡೂ ಕಡೆ ಏಟು. 2023ರ ಮಾರ್ಚ್ ಇನ್ನೊಂದು ಬಗೆಯ ಉದಾಹರಣೆ. ವರ್ಷಕ್ಕೂ ಮೇಲ್ಪಟ್ಟು ಅಮೆರಿಕದ ಸಾಲಪತ್ರಗಳ ಬೆಲೆ ಇಳಿಯುತ್ತಿತ್ತು; ಯಂತ್ರಗಳೆಲ್ಲ ಮಾರಿಕೊಂಡು ಕೂತಿದ್ದವು. ಆಗ ಅಲ್ಲಿನ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿಯಿತು. ಮಾರ್ಚ್ 13ರ ಒಂದೇ ದಿನ ಎರಡು ವರ್ಷದ ಸಾಲಪತ್ರದ ಬಡ್ಡಿ ಶೇಕಡಾ ಅರ್ಧ ಅಂಶಕ್ಕಿಂತ ಹೆಚ್ಚು ಇಳಿದು, ಬೆಲೆ ಚಿಮ್ಮಿತು. ದಿಕ್ಕು ಒಂದೇ ದಿನದಲ್ಲಿ ತಿರುಗಿದರೆ 20 ದಿನದ ಸರಾಸರಿಗೆ ಅದು ತಿಳಿಯುವ ಹೊತ್ತಿಗೆ ನಷ್ಟ ಆಗಿಹೋಗಿರುತ್ತದೆ.

ಸಂಸ್ಥೆಯಾಗಿ ಮ್ಯಾನ್ ಎಡವಿದ ಜಾಗಗಳೂ ಪಾಠದಂತಿವೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಆರ್.ಎಂ.ಎಫ್. ಎಂಬ ಸಂಸ್ಥೆಯನ್ನು ಸುಮಾರು 83 ಕೋಟಿ ಡಾಲರಿಗೆ ಕೊಂಡರು. ಅದು ಫಂಡ್ ಆಫ್ ಫಂಡ್ಸ್, ಅಂದರೆ ನಿಮ್ಮ ಹಣ ಪಡೆದು ಬೇರೆ ಬೇರೆ ಹೆಡ್ಜ್ ಫಂಡುಗಳಿಗೆ ಹಂಚುವ ವ್ಯವಸ್ಥೆ. ಹೂಡಿಕೆದಾರ ಎರಡು ಅಂತಸ್ತಿನಲ್ಲಿ ಶುಲ್ಕ ಕೊಡುತ್ತಾನೆ. ಎರಡನೆಯ ಶುಲ್ಕ ಯಾಕೆಂದರೆ ಕಳ್ಳರನ್ನು ಸೋಸಿ ತೆಗೆಯಲಿ ಎಂದು. 2008ರ ಡಿಸೆಂಬರಿನಲ್ಲಿ ಅಮೆರಿಕದ ಹಣ ನಿರ್ವಾಹಕ ಬರ್ನಿ ಮೇಡಾಫ್‌ನ ಮೋಸ ಬಯಲಾದಾಗ, ಆರ್.ಎಂ.ಎಫ್. ಮೂಲಕ ಸುಮಾರು 36 ಕೋಟಿ ಡಾಲರ್ ಅಲ್ಲಿ ಸಿಕ್ಕಿಕೊಂಡಿದೆ ಎಂದು ಮ್ಯಾನ್ ಒಪ್ಪಿಕೊಳ್ಳಬೇಕಾಯಿತು. ಸೋಸುವುದಕ್ಕೆಂದೇ ದುಡ್ಡು ಪಡೆದ ಜರಡಿಯಲ್ಲಿ ತೂತಿತ್ತು.

ಇನ್ನೊಂದು ಅಸಲು ಖಾತ್ರಿಯ ಯೋಜನೆಗಳು. ಇವುಗಳಿಂದಲೇ ಮ್ಯಾನ್ ಜಗತ್ತಿನಾದ್ಯಂತ ಮಧ್ಯಮ ವರ್ಗದ ಹಣ ಸೆಳೆದದ್ದು, ಇಂಥದೇ ಯೋಜನೆಗಳು ಬೇರೆ ಹೆಸರಿನಲ್ಲಿ ನಮ್ಮಲ್ಲೂ ಬರುತ್ತವೆ, ಹಾಗಾಗಿ ಒಳಗಿನ ರಚನೆ ತಿಳಿದಿರಲಿ. ನೀವು 100 ಕೊಟ್ಟರೆ, ಹತ್ತು ವರ್ಷದ ನಂತರ 100 ಆಗುವಂಥ ಸಾಲಪತ್ರಕ್ಕೆ ಅಥವಾ ಬ್ಯಾಂಕ್ ಖಾತ್ರಿಗೆ ಸುಮಾರು 60 ಹೋಗುತ್ತದೆ ಎಂದುಕೊಳ್ಳಿ. ಉಳಿದ 40ನ್ನು ಮಾರ್ಜಿನ್ ಆಗಿ ಇಟ್ಟು 100ರಷ್ಟು ಅಥವಾ ಇನ್ನೂ ಹೆಚ್ಚಿನ ವ್ಯವಹಾರ ಮಾಡುತ್ತಾರೆ. ಮೊದಲ ಎರಡು ವರ್ಷ ಚೆನ್ನಾಗಿ ನಡೆದರೆ ಎಲ್ಲರಿಗೂ ಖುಷಿ. ಆದರೆ ಆರಂಭದಲ್ಲೇ ನಷ್ಟವಾಗಿ ಆ 40 ಕರಗಿದರೆ, ಖಾತ್ರಿ ಕೊಟ್ಟವರ ರಕ್ಷಣೆಗಾಗಿ ವ್ಯವಹಾರದ ಗಾತ್ರವನ್ನು ಕುಗ್ಗಿಸಬೇಕು. ಗಾತ್ರ ಕುಗ್ಗಿದ ಮೇಲೆ ಪೇಟೆ ಸುಧಾರಿಸಿದರೂ ನಿಮ್ಮ ಯೋಜನೆ ಏಳುವುದಿಲ್ಲ. ಕೊನೆಗೆ ಅಸಲು ಬರುತ್ತದೆ ನಿಜ, ಹತ್ತು ವರ್ಷದ ಬಡ್ಡಿಯೂ ಬೆಲೆಯೇರಿಕೆಯೂ ನಿಮ್ಮ ಕಿಸೆಯಿಂದಲೇ ಹೋಗಿರುತ್ತವೆ.

2008ರ ಮಧ್ಯದಲ್ಲಿ ಮ್ಯಾನ್ ನಿರ್ವಹಿಸುತ್ತಿದ್ದ ಹಣ 7,000 ಕೋಟಿ ಡಾಲರ್ ದಾಟಿತ್ತು. 2010ರ ಆರಂಭಕ್ಕೆ ಸುಮಾರು 4,000 ಕೋಟಿಗೆ ಇಳಿದಿತ್ತು. ಎ.ಎಚ್.ಎಲ್. ಒಂದರ ಮೇಲೇ ನಿಂತಿದ್ದೇವೆ ಎಂಬ ಭಯದಿಂದ ಆ ವರ್ಷ ಷೇರು ನಿಪುಣರ ಜಿ.ಎಲ್.ಜಿ. ಸಂಸ್ಥೆಯನ್ನು 160 ಕೋಟಿ ಡಾಲರಿಗೆ ಕೊಂಡರು. ಆ ಬೆಲೆಯ ದೊಡ್ಡ ಭಾಗವನ್ನು ಮುಂದೆ ಲೆಕ್ಕಪುಸ್ತಕದಲ್ಲಿ ಹೊಡೆದುಹಾಕಬೇಕಾಯಿತು, 2012ರಲ್ಲಿ ಲಂಡನ್ನಿನ ನೂರು ದೊಡ್ಡ ಕಂಪನಿಗಳ ಸೂಚ್ಯಂಕದಿಂದಲೂ ಮ್ಯಾನ್ ಹೊರಬಿತ್ತು. ಆಮೇಲೆ ಎಫ್.ಆರ್.ಎಂ., ನ್ಯೂಮೆರಿಕ್ ಮುಂತಾದ ಹಣ ನಿರ್ವಹಣೆಯ ಸಂಸ್ಥೆಗಳನ್ನು ಕೊಂಡು, ತಂತ್ರಾಂಶದ ಮೇಲೆ ಹಣ ಸುರಿದು, ನಿಧಾನಕ್ಕೆ ಎದ್ದಿತು. ಅದರ ಎಂಜಿನಿಯರುಗಳು ಬರೆದ ಆರ್ಕ್ಟಿಕ್ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶವನ್ನು 2015ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದರು. ಪೈಥಾನ್‌ನಲ್ಲಿ ಹಣಕಾಸಿನ ಕೆಲಸ ಮಾಡುವ ಬೆಂಗಳೂರಿನ ಹುಡುಗರಲ್ಲಿ ಕೆಲವರಿಗೆ ಆ ಹೆಸರು ಪರಿಚಿತ. 2023ರಿಂದ ರಾಬಿನ್ ಗ್ರೂ ಅದರ ಮುಖ್ಯಸ್ಥೆ. ಆ ಹುದ್ದೆಗೆ ಬಂದ ಮೊದಲ ಮಹಿಳೆ.

ಮ್ಯಾನ್ 2007ರಲ್ಲಿ ಬೇರ್ಪಡಿಸಿದ ತನ್ನ ವಾಯಿದಾ ದಲ್ಲಾಳಿ ವಿಭಾಗದ ಕತೆ ಬೇರೆಯೇ ದಾರಿ ಹಿಡಿಯಿತು. ಅದು ಎಂ.ಎಫ್. ಗ್ಲೋಬಲ್ ಎಂಬ ಹೆಸರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. 2008ರ ಫೆಬ್ರವರಿಯಲ್ಲಿ ಅದರ ಒಬ್ಬ ದಲ್ಲಾಳಿ ಮಿತಿ ಮೀರಿ ಗೋಧಿ ವಾಯಿದಾ ಆಡಿ ಒಂದೇ ರಾತ್ರಿಯಲ್ಲಿ 14.1 ಕೋಟಿ ಡಾಲರ್ ಕಳೆದ. ಮಿತಿ ಮೀರಿದ ಆರ್ಡರನ್ನು ತಡೆಯಬೇಕಾದ ಕಂಪ್ಯೂಟರ್ ತಡೆಯನ್ನು, ವ್ಯವಹಾರ ನಿಧಾನವಾಗುತ್ತದೆಂದು, ಕೆಲವು ಕಡೆ ತೆಗೆದಿದ್ದರು. ಮೂರು ವರ್ಷದ ನಂತರ ಜಾನ್ ಕೋರ್ಜೈನ್ ಮುಖ್ಯಸ್ಥರಾಗಿದ್ದಾಗ ಯೂರೋಪಿನ ಸಂಕಷ್ಟದ ದೇಶಗಳ ಸಾಲಪತ್ರಗಳಲ್ಲಿ ಸುಮಾರು 630 ಕೋಟಿ ಡಾಲರ್ ತೊಡಗಿಸಿ, ಪೇಟೆಯ ನಂಬಿಕೆ ಕಳೆದುಕೊಂಡು, 2011ರ ಅಕ್ಟೋಬರ್ 31ರಂದು ದಿವಾಳಿಯಾಯಿತು. ಗ್ರಾಹಕರ ಹಣ ಪ್ರತ್ಯೇಕ ಖಾತೆಯಲ್ಲಿರಬೇಕು ಎಂಬುದು ವಾಯಿದಾ ದಲ್ಲಾಳಿಯ ಮೊದಲ ಧರ್ಮ. ಅಲ್ಲಿ ಸುಮಾರು 160 ಕೋಟಿ ಡಾಲರ್ ಕೊರತೆ ಕಂಡಿತು. ಬೆಳೆಗೆ ಬೇಲಿ ಹಾಕಲೆಂದು ಮಾರ್ಜಿನ್ ಕಟ್ಟಿದ್ದ ಅಮೆರಿಕದ ರೈತರೂ ಅದರಲ್ಲಿ ಸಿಕ್ಕಿಬಿದ್ದರು. ಹಣ ಕೊನೆಗೆ ಪೂರ್ತಿ ಮರಳಿತು, ಆದರೆ ವರ್ಷಗಳು ಹಿಡಿದವು. ಬಿತ್ತನೆ ಯಾರಿಗೂ ಕಾಯುವುದಿಲ್ಲ. ನಾಲ್ಕು ವರ್ಷ ಮುಂಚೆ ಮ್ಯಾನ್ ಬೇರ್ಪಟ್ಟಿದ್ದರಿಂದ ಅದು ಉಳಿಯಿತು.

ಶುಲ್ಕದ ಬಗ್ಗೆ ಸ್ವಲ್ಪ. ಈ ಕಸುಬಿನ ಹಳೆಯ ರೂಢಿ 'ಎರಡು ಮತ್ತು ಇಪ್ಪತ್ತು': ನೋಡಿಕೊಂಡ ಹಣದ ಶೇ 2 ವರ್ಷವರ್ಷವೂ, ಲಾಭವಾದರೆ ಅದರಲ್ಲಿ ಶೇ 20. ಇತ್ತೀಚೆಗೆ ಇದು ಸಡಿಲಗೊಂಡಿದೆ. ಲಾಭದ ಪಾಲಿಗೆ 'ಹೈ ವಾಟರ್ ಮಾರ್ಕ್' ಎಂಬ ಗೆರೆ ಇರಬೇಕು. 100 ಇದ್ದದ್ದು 130 ಆದಾಗ ಪಾಲು ಪಡೆದರು. 110ಕ್ಕೆ ಬಿದ್ದು ಮತ್ತೆ 128ಕ್ಕೆ ಬಂದರೆ ಪಾಲಿಲ್ಲ, 130 ದಾಟಿದ ಮೇಲಷ್ಟೇ. ಈ ಗೆರೆಯಿಲ್ಲದ ಕರಾರಿಗೆ ಸಹಿ ಹಾಕಿದರೆ ಅದೇ ಲಾಭಕ್ಕೆ ಎರಡು ಸಲ ಪಾಲು ಕೊಟ್ಟಂತೆ.

ಇದೆಲ್ಲ ಈಗ ನಮ್ಮ ಮನೆಬಾಗಿಲಿಗೂ ಬಂದಿದೆ. 2012ರ ನಿಯಮಗಳ ಪ್ರಕಾರ ಭಾರತದಲ್ಲಿ ಹೆಡ್ಜ್ ಫಂಡ್ ಮಾದರಿಯವು ಮೂರನೇ ವರ್ಗದ ಪರ್ಯಾಯ ಹೂಡಿಕೆ ನಿಧಿಗಳು. ಕನಿಷ್ಠ ಹೂಡಿಕೆ 1 ಕೋಟಿ ರೂಪಾಯಿ, ನಿಧಿಯ ಮೌಲ್ಯದ ಎರಡು ಪಟ್ಟಿಗಿಂತ ಹೆಚ್ಚಿನ ವ್ಯವಹಾರಕ್ಕೆ ಷೇರುಪೇಟೆಯ ನಿಯಂತ್ರಕ ಸೆಬಿ ಒಪ್ಪುವುದಿಲ್ಲ. 2025ರ ಏಪ್ರಿಲ್ 1ರಿಂದ ಮ್ಯೂಚುವಲ್ ಫಂಡ್ ಕಂಪನಿಗಳೇ ಎಸ್.ಐ.ಎಫ್. ಎಂಬ ವಿಶೇಷ ಹೂಡಿಕೆ ನಿಧಿಗಳನ್ನು ಮಾರಬಹುದಾಗಿದೆ. ಕನಿಷ್ಠ 10 ಲಕ್ಷ. ಬೆಲೆ ಬೀಳುತ್ತದೆಂದು ಮುಂಚೆಯೇ ಮಾರುವ ವ್ಯವಹಾರಕ್ಕೂ ನಿಧಿಯ ಶೇ 25ರವರೆಗೆ ಅವಕಾಶವಿದೆ. 10 ಲಕ್ಷ ಎಂದರೆ ನಿವೃತ್ತ ಶಿಕ್ಷಕರ ಗ್ರಾಚ್ಯುಟಿ, ಒಂದು ಒಳ್ಳೆಯ ಬೆಳೆಯ ಉಳಿತಾಯ. ಹೂಡುವವರು ಅಸಲು ಖಾತ್ರಿಯ ಒಳಲೆಕ್ಕ, ಹಣ ವಾಪಸು ಪಡೆಯಲು ಎಷ್ಟು ದಿನದ ನೋಟಿಸು, ದಿಕ್ಕಿಲ್ಲದ ಪೇಟೆಯಲ್ಲಿ ಹಿಂದೆ ಏನಾಯಿತು ಎಂಬ ಮೂರನ್ನಾದರೂ ಬರವಣಿಗೆಯಲ್ಲಿ ಕೇಳಬೇಕು.

ಇನ್ನು ಕಾಫಿ. ಕಣದಲ್ಲಿ ಸಿಪ್ಪೆಸಹಿತ ಒಣಗಿದ ರೋಬಸ್ಟಾ ಹಣ್ಣಿನ, ಅಂದರೆ ಚೆರಿಯ, 50 ಕೆಜಿ ಚೀಲದ ಔಟ್ ಟರ್ನ್ 26 ಬಂತು, ಅಂದರೆ 26 ಕೆಜಿ ಬೀಜ. ಲಂಡನ್ ಬೆಲೆ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಬೀಜದ ಕೆಜಿಗೆ 340. ಚೀಲಕ್ಕೆ 8,840 ರೂಪಾಯಿ. ಇದರ ಮೇಲೆ ನಮ್ಮ ಕಾಫಿಯ ಗುಣಮಟ್ಟಕ್ಕೆ ಸಿಗುವ ಹೆಚ್ಚುವರಿ ಸೇರಿ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನುಮಾಡುವುದು) ಮತ್ತು ವ್ಯಾಪಾರಿಯ ಖರ್ಚು ಕಳೆದು, ಊರಿನ ಬೆಲೆ ನಿಲ್ಲುತ್ತದೆ. ಲಂಡನ್ನಿನಲ್ಲಿ 100 ಡಾಲರ್ ಅಲುಗಾಡಿದರೆ ಚೀಲದ ಮೇಲೆ 221 ರೂಪಾಯಿ. 2025ರ ಆರಂಭದಲ್ಲಿ ಕೊಯ್ಲಿನ ಹೊತ್ತಿಗೆ ಲಂಡನ್ 5,700 ಡಾಲರ್ ದಾಟಿತ್ತು. ಅದೇ ಜುಲೈಗೆ 3,500ಕ್ಕಿಂತ ಕೆಳಗಿತ್ತು. ಈ ಏರಿಳಿತಕ್ಕೆ ಫಂಡುಗಳೇ ಕಾರಣ ಎಂದು ಹೇಳುವವರೊಂದಿಗೆ ನಮ್ಮ ಸಹಮತವಿಲ್ಲ. ವಿಯೆಟ್ನಾಮಿನ ಬರ, ಬ್ರೆಜಿಲ್‌ನ ಫಸಲೇ ಮೂಲ. ಆದರೆ ನೂರಾರು ಯಂತ್ರಗಳು ಒಂದೇ ದಿಕ್ಕಿನಲ್ಲಿ ಕೂತಿರುವಾಗ ದಿಕ್ಕು ತಿರುಗಿದರೆ ಎಲ್ಲವೂ ಒಂದೇ ಬಾಗಿಲಿನಿಂದ ಹೊರಗೆ ಓಡುತ್ತವೆ, ಇಳಿತ ಕಡಿದಾಗುತ್ತದೆ. ಬೆಳೆಗಾರ ತಾನೇ ಬೇಲಿ ಹಾಕಿಕೊಳ್ಳಲಿ ಎಂದರೆ, ಒಂದು ಲಾಟಿಗೆ 10 ಟನ್ ಬೇಕು. ಹೆಕ್ಟೇರಿಗೆ ಸುಮಾರು 1 ಟನ್ ಇಳುವರಿಯ ಲೆಕ್ಕದಲ್ಲಿ ಅದು 25 ಎಕರೆಯ ಪೂರ್ತಿ ಫಸಲು. ನಮ್ಮ ಬೆಳೆಗಾರರಲ್ಲಿ ಬಹುಪಾಲು ಮಂದಿಯ ತೋಟ ಅದಕ್ಕಿಂತ ಚಿಕ್ಕದು.

ಅವರಿಗೆ ಇರುವ ಒಂದೇ ಸಾಧನ ಎಂದರೆ ಮಾಹಿತಿ, ಅದು ಉಚಿತವಾಗಿಯೂ ಸಿಗುತ್ತದೆ. ಅಮೆರಿಕದ ವಾಯಿದಾ ನಿಯಂತ್ರಣ ಆಯೋಗ ಪ್ರತಿ ಶುಕ್ರವಾರ, ಆ ವಾರದ ಮಂಗಳವಾರದವರೆಗಿನ ಅರೇಬಿಕಾ ಲೆಕ್ಕ ಪ್ರಕಟಿಸುತ್ತದೆ; ಅದರಲ್ಲಿ 'ಮ್ಯಾನೇಜ್ಡ್ ಮನಿ' ಎಂಬ ಸಾಲಿನಲ್ಲಿ ಫಂಡುಗಳು ಎಷ್ಟು ಲಾಟ್ ಕೊಂಡಿವೆ, ಎಷ್ಟು ಮಾರಿವೆ ಎಂದಿರುತ್ತದೆ. ಲಂಡನ್ ರೋಬಸ್ಟಾಕ್ಕೂ ಅಲ್ಲಿನ ವಿನಿಮಯ ಕೇಂದ್ರ ವಾರವಾರ ಇಂಥದೇ ಪಟ್ಟಿ ಕೊಡುತ್ತದೆ. ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದರೆ ಒಂದು ಅಂಕಿ. ಅದು ಕಳೆದ ಮೂರು ವರ್ಷದ ಗರಿಷ್ಠಕ್ಕೆ ಹತ್ತಿರವಿದ್ದರೆ ಯಂತ್ರಗಳೆಲ್ಲ ಒಂದೇ ಕಡೆ ಕೂತಿವೆ ಎಂದರ್ಥ. ಆಗ ಪೂರ್ತಿ ಚೆರಿಯನ್ನು ಗೋದಾಮಿನಲ್ಲಿ ಇಟ್ಟುಕೊಂಡು ಕಾಯುವ ಬದಲು ಒಂದಷ್ಟನ್ನಾದರೂ ಕೊಡುವ ಯೋಚನೆ ಮಾಡಬಹುದು.

ತಮ್ಮಲ್ಲಿ ಕೋರಿಕೆ ಎರಡು. 'ಮ್ಯಾನ್ ಬೂಕರ್' ಎಂದು 2002ರಿಂದ 2019ರ ನಡುವಿನ ಪ್ರಶಸ್ತಿಗಳಿಗೆ ಮಾತ್ರ ಬರೆಯಿರಿ. ಮತ್ತು ಕಾಫಿ, ಕಾಳುಮೆಣಸಿನ ಧಾರಣೆ ಅಚ್ಚು ಹಾಕುವ ಪುಟದಲ್ಲಿ ಪ್ರತಿ ಸೋಮವಾರ ಎರಡು ಸಾಲು ಹೆಚ್ಚು ಕೊಡಿ: ಅರೇಬಿಕಾದಲ್ಲಿ ಫಂಡುಗಳ ನಿವ್ವಳ ಲಾಟ್, ರೋಬಸ್ಟಾದಲ್ಲಿ ಫಂಡುಗಳ ನಿವ್ವಳ ಲಾಟ್, ಪಕ್ಕದಲ್ಲಿ ಹಿಂದಿನ ವಾರದ ಅಂಕಿ.

ಇತಿ,
ಕಾಫಿ ವಾಯಿದಾ ಪೇಟೆಯನ್ನು ಗಮನಿಸುವ ಓದುಗರು,
ಚಿಕ್ಕಮಗಳೂರು